ಕಾಗದ, ಹಲಗೆ, ಕರಡು: ಕೆಂಗೇರಿಯ ಮನೆಗೆ ಬಂದು ನೆಲೆಸಿದ ಬಗೆ

ಕಳೆದ ವಾರ ಹೊಸ ವಿಳಾಸದ ಮತದಾರರ ಗುರುತಿನ ಚೀಟಿ ಅಂಚೆಯಲ್ಲಿ ಬಂತು. ಅದರೊಂದಿಗೆ 2025ರ ಯುಗಾದಿಗೆ ಶುರುವಾದ ನಮ್ಮ ಮನೆಯ ಕಾಗದಪತ್ರದ ಓಡಾಟ ದಡ ಮುಟ್ಟಿತು. ಇದೇ ಅವಧಿಯಲ್ಲಿ ಕಚೇರಿಯ ಕೆಲಸ ಹಿಂದೆ ಬೀಳಲಿಲ್ಲ, ಕನ್ನಡ ವಿಕಿಸೋರ್ಸ್‌ನಲ್ಲಿ ಕೈಗೆತ್ತಿಕೊಂಡಿದ್ದ ಹಳೆಯ ಪುಸ್ತಕವೊಂದರ ಕರಡು ತಿದ್ದಿ ಮುಗಿಸಿದೆ, ನಡುಮನೆಯ ಗೋಡೆಗೆ ನಾವೇ ಮಾಡಿದ ಪುಸ್ತಕದ ಕಪಾಟು ಬಂತು. ಇಷ್ಟೊಂದು ಕೆಲಸ ಒಟ್ಟಿಗೆ ಮೈಮೇಲೆ ಬಿದ್ದ ವರ್ಷ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ಇಷ್ಟು ಸಂತೋಷವಾಗಿ ಕಳೆದ ವರ್ಷವೂ ಅಪರೂಪ. ಬೆಂಗಳೂರಿನಲ್ಲಿ ಹಳೆಯ ಫ್ಲ್ಯಾಟ್ ಕೊಳ್ಳುವ ಯೋಚನೆಯಲ್ಲಿರುವವರಿಗೆ, ಅದರಲ್ಲೂ ಕೆಲಸ ಬಿಡದೆ, ಇಷ್ಟದ ಹವ್ಯಾಸವನ್ನೂ ಬಿಡದೆ ಇದನ್ನು ಮಾಡಬೇಕೆನ್ನುವವರಿಗೆ ಉಪಯೋಗವಾಗಲೆಂದು ನಾವು ನಡೆದ ದಾರಿಯನ್ನು ಬರೆದಿಡುತ್ತಿದ್ದೇನೆ.

ನಾನು ಜಯನಗರದ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಪತಿ, ಪಿಯುಸಿ ಓದುವ ಮಗಳು ಮತ್ತು ಅತ್ತೆ ಇರುವ ಸಂಸಾರ. ಮದುವೆಯಾದಾಗಿನಿಂದ ಹನುಮಂತನಗರದ ಬಾಡಿಗೆ ಮನೆಯಲ್ಲಿದ್ದೆವು. ಗಾಂಧಿ ಬಜಾರಿನ ಹೂವು, ಸೊಪ್ಪು, ಸಂಜೆಯ ತಿರುಗಾಟ ಬಿಟ್ಟು ಹೋಗಲು ಅತ್ತೆಗೆ ಮನಸ್ಸಿರಲಿಲ್ಲ. ಆದರೆ ಆ ಸುತ್ತಿನಲ್ಲಿ ನಮ್ಮ ಕೈಗೆಟಕುವ ಬೆಲೆಯ ಮನೆ ಸಿಗಲಿಲ್ಲ. ಕೆಂಗೇರಿಗೆ 2021ರಲ್ಲಿ ಮೆಟ್ರೊ ಬಂದಿತ್ತು. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ವರೆಗೆ ಬಂದು, ಅಲ್ಲಿ ಹಸಿರು ಮಾರ್ಗ ಹಿಡಿದರೆ ಜಯನಗರದಲ್ಲೇ ಇಳಿಯಬಹುದು. ಕೆಂಗೇರಿ ಉಪನಗರದಲ್ಲಿ ಎರಡು ಮಲಗುವ ಕೋಣೆಗಳ ಹಳೆಯ ಫ್ಲ್ಯಾಟೊಂದು 56 ಲಕ್ಷಕ್ಕೆ ಕುದುರಿತು. ಬೆಳಗಿನ ಬಿಸಿಲು ಅಡುಗೆಮನೆಗೆ ಬೀಳುತ್ತದೆ ಎಂದು ಅತ್ತೆ ನೋಡಿದ ದಿನವೇ ಒಪ್ಪಿದರು.

ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ಮರುದಿನವೇ ಆರ್ಥಿಕ ವರ್ಷದ ಕೊನೆ. ಲೆಕ್ಕದ ಕಚೇರಿಯಲ್ಲಿ ದುಡಿಯುವವರಿಗೆ ಆ ವಾರ ಊಟ, ನಿದ್ದೆ ಎರಡಕ್ಕೂ ಹೊತ್ತುಗೊತ್ತಿರುವುದಿಲ್ಲ. ಆದರೂ ಹಬ್ಬದ ದಿನ ಬೇವುಬೆಲ್ಲ ತಿಂದು, ಮುಂಗಡ ಕೊಟ್ಟು ಕರಾರು ಬರೆಸಿಕೊಂಡೆವು. ಆ ಕರಾರಿನಲ್ಲಿ ನಾನು ಹಟ ಹಿಡಿದು ಸೇರಿಸಿದ ಮಾತು ಒಂದೇ: ಮಾರುವವರು ತಮ್ಮ ಹೆಸರಿನ ಅಂತಿಮ ಇ-ಖಾತೆ (ಪಾಲಿಕೆಯ ಆಸ್ತಿ ದಾಖಲೆಯ ಗಣಕೀಕೃತ ರೂಪ) ಪಡೆದು ಕೊಟ್ಟ ಮೇಲಷ್ಟೇ ನೋಂದಣಿಯ ದಿನ ಗೊತ್ತುಮಾಡಬೇಕು, ಅದಕ್ಕೆ ತಗಲುವ ಸಮಯ ಕರಾರಿನ ಅವಧಿಗೆ ಸೇರಬಾರದು. 2024ರ ಅಕ್ಟೋಬರ್‌ನಿಂದ ನಗರದ ಆಸ್ತಿಗಳ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಹಳೆಯ ಕಾಗದದ ಖಾತೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಸಾಲುವುದಿಲ್ಲ. ಆಸ್ತಿ ತೆರಿಗೆಯನ್ನೂ ಕರಾರಿನಲ್ಲೇ ಇತ್ಯರ್ಥ ಮಾಡಿಕೊಳ್ಳಿ. ಏಪ್ರಿಲ್ ಒಳಗೆ ಇಡೀ ವರ್ಷದ್ದು ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಇದೆ. ಮಾರುವವರು ಕಟ್ಟುವುದು, ನಾವು ನಮ್ಮ ಪಾಲು ಅವರಿಗೆ ಕೊಡುವುದು ಎಂದು ಮಾತಾಯಿತು.

ಮೊದಲ ತಡೆ ಬಂದದ್ದು ಆ ಇ-ಖಾತೆಯಲ್ಲೇ. ಬೇಕಾದ ದಾಖಲೆಗಳು ಹೆಚ್ಚೇನಿಲ್ಲ: ಆಧಾರ್, ಕ್ರಯಪತ್ರ, ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ಸಾಲ, ಹಿಂದಿನ ವಹಿವಾಟು ತೋರಿಸುವ ಪತ್ರ), ಆಸ್ತಿ ತೆರಿಗೆಯ ಅರ್ಜಿ ಸಂಖ್ಯೆ, ಬೆಸ್ಕಾಂ ಬಿಲ್ಲಿನ ಖಾತೆ ಸಂಖ್ಯೆ, ಕಟ್ಟಡದ ಒಂದು ಫೋಟೊ. ಎಲ್ಲವೂ ಇದ್ದವು. ಆದರೆ ಮಾರುವವರ ಕ್ರಯಪತ್ರದಲ್ಲಿ ಹೆಸರಿಗಿಂತ ಮೊದಲು ಎರಡು ಇನಿಷಿಯಲ್, ಆಧಾರ್‌ನಲ್ಲಿ ಅದೇ ಅಕ್ಷರಗಳು ಊರಿನ ಮತ್ತು ತಂದೆಯ ಹೆಸರಾಗಿ ಬಿಡಿಸಿಕೊಂಡು ಕೊನೆಗೆ ಬಂದು ಕೂತಿದ್ದವು. ನಮ್ಮ ಕಡೆಯ ಹಿರಿಯರಲ್ಲಿ ಅರ್ಧಕ್ಕರ್ಧ ಜನರ ದಾಖಲೆಗಳು ಹೀಗೆಯೇ ಇರುತ್ತವೆ. ಮನುಷ್ಯರಿಗೆ ಇದು ಒಂದೇ ಹೆಸರು, ತಂತ್ರಾಂಶಕ್ಕೆ ಬೇರೆ ಬೇರೆ. ಹೆಸರು ಹೊಂದದಿದ್ದರೆ ಅರ್ಜಿ ತಾನಾಗಿ ಮುಂದೆ ಹೋಗುವುದಿಲ್ಲ, ಅಧಿಕಾರಿಯ ಪರಿಶೀಲನೆಗೆ ಹೋಗಿ ನಿಲ್ಲುತ್ತದೆ. ಇಬ್ಬರೂ ಒಬ್ಬರೇ ಎಂಬ ನೋಟರಿ ಪ್ರಮಾಣಪತ್ರ, ಪ್ಯಾನ್, ಪಿಂಚಣಿ ಪುಸ್ತಕದ ಪ್ರತಿ ಎಲ್ಲವನ್ನೂ ಒದಗಿಸಿ ಕಾಯಬೇಕಾಯಿತು. ಮಾರುವವರು ವಯಸ್ಸಾದವರು, ಒಬ್ಬರೇ ಇರುವವರು. ಅವರಿಗೆ ಮೊಬೈಲಿಗೆ ಬರುವ ಒಟಿಪಿ ಎಂದರೆ ಭಯ. ಪತಿ ಅವರ ಜೊತೆ ಬೆಂಗಳೂರು ಒನ್ ಕೇಂದ್ರಕ್ಕೆ ಹೋಗಿ ಪಕ್ಕದಲ್ಲೇ ಕೂತು ಮಾಡಿಸಿದರು. ನೀವು ಮನೆ ನೋಡಲು ಹೋದಾಗ ಗೋಡೆ, ನಲ್ಲಿ ನೋಡುವಷ್ಟೇ ಗಮನದಿಂದ ಮಾರುವವರ ಕ್ರಯಪತ್ರ, ಆಧಾರ್, ಪ್ಯಾನ್ ಮೂರರಲ್ಲೂ ಹೆಸರು ಒಂದೇ ತರ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಆ ಕೆಲಸ ಮೊದಲ ದಿನವೇ ಶುರುವಾಗಲಿ.

ಕಾಯುವ ಆ ವಾರಗಳಲ್ಲಿ ನನಗೆ ಕಳವಳವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುಂಗಡದ ಹಣ ಕೊಟ್ಟಾಗಿತ್ತು. ರಾತ್ರಿ ಎಚ್ಚರವಾದರೆ ಅದೇ ಯೋಚನೆ. ಆಗ ಕೈಹಿಡಿದದ್ದು ವಿಕಿಸೋರ್ಸ್. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಯಾರು ಬೇಕಾದರೂ ಓದುವಂತೆ ಅಕ್ಷರರೂಪದಲ್ಲಿ ಇಡುವ ಜಾಲತಾಣ ಅದು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಸ್ಕ್ಯಾನ್ ಮಾಡಿದ ಪುಟ ಒಂದು ಬದಿಗೆ, ಯಂತ್ರ ಓದಿ ಕೊಟ್ಟ ಅಕ್ಷರಗಳು ಇನ್ನೊಂದು ಬದಿಗೆ ಇರುತ್ತವೆ. ಎರಡನ್ನೂ ಹೋಲಿಸಿ ತಿದ್ದುತ್ತಾ ಹೋಗಬೇಕು. ಹಳೆಯ ಮೊಳೆ ಅಚ್ಚಿನ ಪುಟವನ್ನು ಯಂತ್ರ ಓದುವ ರೀತಿ ಬಲು ವಿಚಿತ್ರ. ಅನುಸ್ವಾರವನ್ನು ಸೊನ್ನೆಯ ಅಂಕಿ ಮಾಡಿಬಿಡುತ್ತದೆ. ಎರಡೂ ಕಣ್ಣಿಗೆ ಒಂದೇ, ಆದರೆ ಹುಡುಕಿದರೆ ಆ ಪದ ಸಿಗುವುದೇ ಇಲ್ಲ. ಅರ್ಕಾವೊತ್ತನ್ನು ಕನ್ನಡದ ಒಂಬತ್ತೆಂದು ತಿಳಿದು ‘ಕಾರ್ಯ’ವನ್ನು ‘ಕಾಯ೯’ ಎಂದು ಬರೆದಿಡುತ್ತದೆ. ‘ವು’ ಇದ್ದಲ್ಲಿ ‘ಮ’ ಬಂದಿರುತ್ತದೆ, ಮಸಿ ಹರಡಿದ ಕಡೆ ‘ಫ’ ಮತ್ತು ‘ಘ’ ಅದಲುಬದಲಾಗಿರುತ್ತವೆ. ಒಂದು ಪುಟಕ್ಕೆ ಹತ್ತಿಪ್ಪತ್ತು ನಿಮಿಷ ಸಾಕು. ತಿದ್ದಿ ಉಳಿಸಿದ ಕೂಡಲೇ ಪುಟದ ಸಂಖ್ಯೆ ಕೆಂಪಿನಿಂದ ಹಳದಿಗೆ ತಿರುಗುತ್ತದೆ. ಅಧಿಕಾರಿಯ ಮೇಜಿನ ಮೇಲಿನ ಅರ್ಜಿ ಯಾವಾಗ ಚಲಿಸುತ್ತದೆ ಎಂಬುದು ನನ್ನ ಕೈಯಲ್ಲಿರಲಿಲ್ಲ. ಈ ಪುಟ ಮಾತ್ರ ನನ್ನ ಕೈಯಲ್ಲಿತ್ತು, ಮಲಗುವ ಮುಂಚೆ ಒಂದು ಪುಟ ಹಳದಿಯಾದರೆ ನಿದ್ದೆ ಬರುತ್ತಿತ್ತು. ಮನೆ ಕೊಳ್ಳುವ ಗಡಿಬಿಡಿಯಲ್ಲಿ ಇಂಥದ್ದೊಂದು ಸ್ವಂತದ ಕೆಲಸ ಇಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ. ಹೊಲಿಗೆಯಾಗಲಿ, ವೀಣೆಯಾಗಲಿ, ದಿನಕ್ಕೆ ಅರ್ಧ ಗಂಟೆಯಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಹೋಗುವಂಥದ್ದಾಗಿರಲಿ.

ಬ್ಯಾಂಕ್ ಸಾಲದ ಭಾಗ ಹೆಚ್ಚು ಕಾಡಲಿಲ್ಲ. ಬ್ಯಾಂಕಿನ ವಕೀಲರು ಹಿಂದಿನ 30 ವರ್ಷಗಳ ದಾಖಲೆ ಕೇಳುತ್ತಾರೆ. ಬಡಾವಣೆ ಹಳೆಯದಾದ್ದರಿಂದ ಮೂಲಪತ್ರಗಳು ಸರಿಯಾಗಿದ್ದವು. ಜೂನ್ 6ರಂದು ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು) ಶೇ 6ರಿಂದ ಶೇ 5.5ಕ್ಕೆ ಇಳಿಸಿದ್ದು ನಮಗೆ ಶುಭಸುದ್ದಿಯಾಗಿತ್ತು, ಏಕೆಂದರೆ ಸಾಲದ ಬಡ್ಡಿ ರೆಪೊ ದರಕ್ಕೆ ಹೊಂದಿಕೊಂಡಿತ್ತು. ನೀವು ಸಾಲ ಪಡೆಯುವಾಗ ಬಡ್ಡಿ ಯಾವ ದರಕ್ಕೆ ಹೊಂದಿಕೊಂಡಿದೆ, ಎಷ್ಟು ತಿಂಗಳಿಗೊಮ್ಮೆ ಬದಲಾಗುತ್ತದೆ ಎಂದು ಬರಹದಲ್ಲೇ ಕೇಳಿಕೊಳ್ಳಿ.

ಇ-ಖಾತೆ ಕೈಸೇರಿದ ಮೇಲೆ ಕೆಲಸ ಚುರುಕಾಯಿತು. ಆಷಾಢ ಹುಟ್ಟುವ ಮುಂಚೆ ನೋಂದಣಿ ಮುಗಿಯಲೇಬೇಕು ಎಂದು ಅತ್ತೆ ಪಂಚಾಂಗ ತೋರಿಸಿದ್ದರು. ಜೂನ್ 26ಕ್ಕೆ ಆಷಾಢ. ಈಗ ಎಲ್ಲವೂ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ನಡೆಯುತ್ತದೆ. ಕ್ರಯಪತ್ರದ ಕರಡನ್ನು ಮೊದಲೇ ಅಪ್‌ಲೋಡ್ ಮಾಡಬೇಕು, ಉಪನೋಂದಣಾಧಿಕಾರಿ ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟಬೇಕು, ಆಮೇಲೆ ಬರುವ ದಿನ ಮತ್ತು ವೇಳೆಯನ್ನು ನಾವೇ ಆರಿಸಿಕೊಳ್ಳಬಹುದು. ಖರ್ಚಿನ ಲೆಕ್ಕ ಹೀಗಿತ್ತು: ಬೆಲೆ 45 ಲಕ್ಷ ಮೀರಿದ್ದರಿಂದ ಮುದ್ರಾಂಕ ಶುಲ್ಕ ಶೇ 5, ಅಂದರೆ 2,80,000 ರೂಪಾಯಿ. ಆ ಶುಲ್ಕದ ಮೇಲೆ ಶೇ 10ರಷ್ಟು ಸೆಸ್ 28,000, ಶೇ 2ರಷ್ಟು ಸರ್ಚಾರ್ಜ್ 5,600. ನೋಂದಣಿ ಶುಲ್ಕ ಆಗ ಶೇ 1 ಇತ್ತು, 56,000. ಒಟ್ಟು 3,69,600 ರೂಪಾಯಿ. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ಈಗ ಇದೇ ಮನೆಗೆ 4,25,600 ರೂಪಾಯಿ ಬೇಕಾಗುತ್ತದೆ. ಸರ್ಕಾರ ಆ ಜಾಗಕ್ಕೆ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಮತ್ತು ಕೊಟ್ಟ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ ಎಂಬುದು ನೆನಪಿರಲಿ. ಬ್ಯಾಂಕು ಸಾಲ ಕೊಡುವುದು ಮನೆಯ ಬೆಲೆಗೆ, ಈ ಹಣವನ್ನು ಕೈಯಿಂದಲೇ ಹೊಂದಿಸಬೇಕು. ನಾವು ಒಂದು ಚೀಟಿ ಎತ್ತಿ, ನನ್ನ ಎರಡು ಬಳೆ ಅಡವಿಟ್ಟು ಹೊಂದಿಸಿದೆವು.

ಲೆಕ್ಕದ ಕಚೇರಿಯವಳಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮನೆಯ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ಶೇ 1ರಷ್ಟು ಆದಾಯ ತೆರಿಗೆಯನ್ನು ಮುರಿದುಕೊಂಡು, ಮುರಿದ ತಿಂಗಳು ಮುಗಿದ 30 ದಿನಗಳೊಳಗೆ ಸರ್ಕಾರಕ್ಕೆ ಕಟ್ಟಬೇಕು (ಆಗ ಅದಕ್ಕೆ ಫಾರಂ 26ಕ್ಯೂಬಿ ಇತ್ತು). ನಮ್ಮ ಲೆಕ್ಕದಲ್ಲಿ ಅದು 56,000 ರೂಪಾಯಿ. ಎಷ್ಟೋ ಜನ ಮಾರುವವರಿಗೆ ಪೂರ್ತಿ ಹಣ ಕೊಟ್ಟು, ನೋಟಿಸ್ ಬಂದ ಮೇಲೆ ನಮ್ಮ ಕಚೇರಿಗೆ ಓಡಿಬರುತ್ತಾರೆ. ಆ ಹೊತ್ತಿಗೆ ಬಡ್ಡಿ, ತಡ ಶುಲ್ಕ ಸೇರಿ ಮೊತ್ತ ಬೆಳೆದಿರುತ್ತದೆ. ಮಾರುವವರ ಪ್ಯಾನ್ ಆಧಾರ್‌ಗೆ ಜೋಡಣೆಯಾಗಿದೆಯೇ ಎಂದೂ ನೋಡಿಕೊಳ್ಳಿ. ಆಗಿಲ್ಲದಿದ್ದರೆ ಶೇ 1ರ ಬದಲು ಶೇ 20 ಮುರಿಯಬೇಕಾಗುತ್ತದೆ.

ನೋಂದಣಿಯ ದಿನ ಬೆಳಿಗ್ಗೆ ಮಳೆ. ಇಬ್ಬರು ಸಾಕ್ಷಿಗಳು, ಮಾರುವವರು, ಬ್ಯಾಂಕಿನವರು, ನಾವು, ಎಲ್ಲರೂ ಒದ್ದೆ ಕೊಡೆಗಳನ್ನು ಗೋಡೆಗೆ ಒರಗಿಸಿ ಕಾದೆವು. ಆರಿಸಿಕೊಂಡ ವೇಳೆ ದಾಟಿಹೋಗಿ ಮಧ್ಯಾಹ್ನವಾಯಿತು. ನಮ್ಮ ಸರದಿ ಬಂದಾಗ ಮಾರುವವರ ಹೆಬ್ಬೆರಳಿನ ಗೆರೆಗಳು ಯಂತ್ರಕ್ಕೆ ಸಿಗಲಿಲ್ಲ. ವಯಸ್ಸಾದವರಿಗೆ ಹೀಗಾಗುವುದುಂಟು. ಅಲ್ಲಿದ್ದ ಸಿಬ್ಬಂದಿ ಒಂದಿಷ್ಟೂ ಬೇಸರಪಡದೆ ಬೆರಳು ಒರೆಸಿಸಿ, ಬೇರೆ ಬೆರಳು ಇಡಿಸಿ, ಕೊನೆಗೆ ತೆಗೆದುಕೊಂಡರು. ಫೋಟೊ ಹಿಡಿಯುವಾಗ ಆ ಹಿರಿಯರು ನನ್ನ ಕಡೆ ತಿರುಗಿ, “ಬಾಲ್ಕನಿಯ ದಾಸವಾಳ ಅಲ್ಲೇ ಬಿಟ್ಟಿದ್ದೇನಮ್ಮಾ, ನೀರು ಹಾಕುತ್ತೀಯಲ್ಲ” ಎಂದು ಕೇಳಿದರು. ಅಷ್ಟು ಹೊತ್ತು ಕಾಗದ, ಚೆಕ್ಕು, ಸಹಿಯಲ್ಲೇ ಮುಳುಗಿದ್ದ ನನಗೆ ಗಂಟಲು ಕಟ್ಟಿತು.

ಆಷಾಢದಲ್ಲಿ ಗೃಹಪ್ರವೇಶ ಮಾಡುವಂತಿಲ್ಲ. ಆ ಒಂದು ತಿಂಗಳು ನಮಗೆ ವರವಾಯಿತು. ಎರಡು ಮನೆಗಳ ಹೊರೆ, ಅಂದರೆ ಬಾಡಿಗೆ ಮತ್ತು ಸಾಲದ ಕಂತು ಒಟ್ಟಿಗೆ ಬೀಳುತ್ತದೆ, ನಿಜ. ಆದರೆ ಖಾಲಿ ಮನೆಯಲ್ಲಿ ಬಣ್ಣ, ವಿದ್ಯುತ್, ಕೊಳಾಯಿ ಕೆಲಸ ಮಾಡಿಸುವುದು ಎಷ್ಟು ಸುಲಭ ಎಂಬುದು ಸಾಮಾನು ತುಂಬಿದ ಮನೆಗೆ ಬಣ್ಣ ಹೊಡೆಸಿದವರಿಗೆ ಗೊತ್ತು. ಸಾಧ್ಯವಿದ್ದವರು ಒಂದು ತಿಂಗಳ ಅಂತರ ಇಟ್ಟುಕೊಳ್ಳಿ. ಹಳೆಯ ತಂತಿಗಳನ್ನು ಪೂರ್ತಿ ಬದಲಾಯಿಸಿದೆವು. ಸ್ವಿಚ್ಚು, ತಂತಿ, ದೀಪಗಳಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ನಲ್ಲಿ ಮತ್ತು ಟೈಲ್ಸಿಗೆ ಲಾಲ್‌ಬಾಗ್ ಹತ್ತಿರದ ಸಿದ್ದಯ್ಯ ರಸ್ತೆ. ಎರಡೂ ಕಡೆ ಇನ್ನೊಂದು ಅಂಗಡಿಯಲ್ಲಿ ಬೆಲೆ ಕೇಳದೆ ಕೊಳ್ಳಬೇಡಿ. ಫ್ಯಾನ್‌ಗಳನ್ನು ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಬಿಎಲ್‌ಡಿಸಿ ಮೋಟಾರಿನವಕ್ಕೆ ಬದಲಿಸಿದೆವು. ಹಳೆಯವು 75 ವಾಟ್ ಆಸುಪಾಸು ಎಳೆಯುತ್ತವೆ, ಇವಕ್ಕೆ 30ರ ಆಸುಪಾಸು ಸಾಕು.

ಪುಸ್ತಕದ ಕಪಾಟಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಮನೆ ನಮ್ಮದು ಎಂದು ಮನಸ್ಸಿಗೆ ನಾಟಿದ್ದು ಅದನ್ನು ಮಾಡುವಾಗ. ಬಾಡಿಗೆ ಮನೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕಿತ್ತು, ಪುಸ್ತಕಗಳೆಲ್ಲ ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಗಳಲ್ಲಿದ್ದವು. ಪತಿಗೆ ಮರಗೆಲಸದ ಹುಚ್ಚು ಮೊದಲಿನಿಂದ ಇತ್ತು, ಜಾಗ ಇರಲಿಲ್ಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಪ್ಲೈವುಡ್ ಕೊಂಡೆವು. ಹಾಳೆ 8 ಅಡಿ ಉದ್ದ, 4 ಅಡಿ ಅಗಲ. 18 ಮಿಲಿಮೀಟರ್ ದಪ್ಪದ್ದು ತೆಗೆದುಕೊಳ್ಳಿ. ಐಎಸ್ (ಭಾರತೀಯ ಮಾನಕ) 303 ಎಂದರೆ ಕೋಣೆಯ ಕೆಲಸಕ್ಕೆ, ಐಎಸ್ 710 ಎಂದರೆ ನೀರು ತಾಗುವ ಅಡುಗೆಮನೆಯ ಕೆಳಭಾಗಕ್ಕೆ. ಹಾಳೆಯ ಮೇಲೆ ಆ ಗುರುತು ಅಚ್ಚಾಗಿದೆಯೇ ಎಂದು ಕಣ್ಣಾರೆ ನೋಡಿ, ಮಾತನ್ನು ನಂಬಬೇಡಿ. ಅಳತೆ ಬರೆದು ಕೊಟ್ಟರೆ ಅಂಗಡಿಯಲ್ಲೇ ಯಂತ್ರದಲ್ಲಿ ಕೊಯ್ದು ಕೊಡುತ್ತಾರೆ. ಮನೆಯಲ್ಲಿ ಗರಗಸ ಹಿಡಿಯುವ ಕಷ್ಟ ತಪ್ಪುತ್ತದೆ, ಅಂಚೂ ನೇರವಾಗಿ ಬರುತ್ತದೆ.

ಎರಡು ಆಧಾರಗಳ ನಡುವಿನ ಹಲಗೆ ಎರಡೂವರೆ ಅಡಿ ಮೀರದಂತೆ ನೋಡಿಕೊಂಡೆವು. ಪುಸ್ತಕದ ಭಾರ ಅಷ್ಟಿಷ್ಟಲ್ಲ. ಮೂರು, ಮೂರೂವರೆ ಅಡಿ ಬಿಟ್ಟರೆ ವರ್ಷದೊಳಗೆ ಹಲಗೆ ನಡು ಬಾಗುತ್ತದೆ. ಮೊದಲು ಸಣ್ಣ ತೂತು ಕೊರೆದು ಆಮೇಲೆ ಸ್ಕ್ರೂ ತಿರುಗಿಸಿದರೆ ಪ್ಲೈ ಪದರ ಸೀಳುವುದಿಲ್ಲ. ಅಂಚಿಗೆ ತೆಳುವಾದ ಮರದ ಪಟ್ಟಿ ಅಂಟಿಸಿ, ಮರಳು ಕಾಗದ ಹಿಡಿದು ಉಜ್ಜುವ ಕೆಲಸ ಮಗಳದ್ದು. ಕಣ್ಣು ಮುಚ್ಚಿ ಬೆರಳು ಆಡಿಸಿ, ಎಲ್ಲಿಯೂ ತಡೆಯುವುದಿಲ್ಲ ಎನ್ನುವವರೆಗೂ ಅವಳು ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಖಾಲಿ ನಡುಮನೆಯಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು, ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು, ಮತ್ತೆ ಕೆಲಸಕ್ಕೆ ಕೂರುತ್ತಿದ್ದೆವು.

ಜುಲೈ 25ಕ್ಕೆ ಶ್ರಾವಣ ಬಂತು. ಹಾಲು ಉಕ್ಕಿಸಿ ಗೃಹಪ್ರವೇಶ ಮಾಡಿದೆವು, ವರಮಹಾಲಕ್ಷ್ಮಿ ಹಬ್ಬಕ್ಕೆ ಸಾಮಾನೂ ಬಂದಿತ್ತು. ಸಾಗಣೆಯವರು ಮಾತಾಡಿದ್ದಕ್ಕಿಂತ ಹೆಚ್ಚು ಹಣವನ್ನು ದಾರಿ ಮಧ್ಯದಲ್ಲಿ ಕೇಳಿದರು. ಮಹಡಿ ಎಷ್ಟನೆಯದು, ಲಿಫ್ಟ್ ಇದೆಯೇ, ಮಂಚ ಬಿಚ್ಚಿ ಜೋಡಿಸುವುದು ಸೇರಿದೆಯೇ ಎಂದು ಮೊಬೈಲಿನಲ್ಲಿ ಸಂದೇಶವಾಗಿ ಬರೆಸಿಕೊಂಡಿದ್ದರಿಂದ ಮಾತು ಬೆಳೆಯಲಿಲ್ಲ. ಬಾಡಿಗೆ ಮನೆಯ ಮುಂಗಡದಲ್ಲಿ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಅದು ಕರಾರಿನಲ್ಲೇ ಇತ್ತು.

ಇನ್ನು ಕಾಗದಗಳ ಕ್ರಮ. ಒಂದು ದಾಖಲೆ ಇನ್ನೊಂದನ್ನು ಕೇಳುತ್ತದೆ, ಅದು ಮತ್ತೊಂದನ್ನು. ಕ್ರಮ ತಪ್ಪಿದರೆ ಒಂದೇ ಕಚೇರಿಗೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ನೋಂದಣಿಯಾದ ಮೇಲೆ ಮೊದಲು ಖಾತೆ ನಮ್ಮ ಹೆಸರಿಗೆ ಬರಬೇಕು. ಅದಕ್ಕೆ ನಾವು ಕಟ್ಟಿದ್ದು ಮುದ್ರಾಂಕ ಶುಲ್ಕದ ಶೇ 2. ಖಾತೆ ಬಂದ ಮೇಲೆ ವಿದ್ಯುತ್ ಸಂಪರ್ಕದ ಹೆಸರು ಬದಲಾವಣೆ: ಕ್ರಯಪತ್ರ, ಖಾತೆ, ಗುರುತಿನ ಚೀಟಿ, ಬಾಕಿ ಇಲ್ಲದ ಕೊನೆಯ ಬಿಲ್ಲು, ಹಿಂದಿನವರ ಠೇವಣಿಯನ್ನು ನಮಗೆ ವರ್ಗಾಯಿಸಲು ಅವರ ಒಪ್ಪಿಗೆ ಪತ್ರ. ಈ ಒಪ್ಪಿಗೆ ಪತ್ರವನ್ನು ನೋಂದಣಿಯ ದಿನವೇ ಸಹಿ ಮಾಡಿಸಿ ಇಟ್ಟುಕೊಳ್ಳಿ. ಆಮೇಲೆ ಅವರು ಮಕ್ಕಳ ಮನೆಗೆ ಹೋಗಿಬಿಟ್ಟಿರಬಹುದು. ಗೃಹಜ್ಯೋತಿಯ ಫಲಾನುಭವಿಗಳಾಗಿದ್ದರೆ ಬಾಡಿಗೆ ಮನೆಯ ಮೀಟರಿಗೆ ಜೋಡಣೆಯಾದ ಆಧಾರ್ ಅನ್ನು ಮೊದಲು ಬಿಡಿಸಬೇಕು, ಆಮೇಲಷ್ಟೇ ಹೊಸ ಮನೆಗೆ ನೋಂದಾಯಿಸಲು ಆಗುತ್ತದೆ. ನಮ್ಮ ಖಾತೆಯ ಅರ್ಜಿ ನಡೆಯುತ್ತಿದ್ದಾಗಲೇ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದವು. ನಿಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ಎಂದು ತಿಳಿದುಕೊಂಡೇ ಹೊರಡಿ.

ಇದೇ ಹೊತ್ತಿಗೆ ಕಚೇರಿಯಲ್ಲಿ ಆದಾಯ ತೆರಿಗೆ ವಿವರಗಳ ಸುಗ್ಗಿ. ಪ್ರತಿ ವರ್ಷ ಜುಲೈ 31ಕ್ಕೆ ಮುಗಿಯುತ್ತಿದ್ದದ್ದು ಈ ಸಲ ಸೆಪ್ಟೆಂಬರ್ 15ಕ್ಕೆ ಹೋಗಿ, ಕೊನೆಗಳಿಗೆಯಲ್ಲಿ ಇನ್ನೊಂದು ದಿನ ಸೇರಿ 16ಕ್ಕೆ ಮುಗಿಯಿತು. ಹಗಲೆಲ್ಲ ಇನ್ನೊಬ್ಬರ ಸಂಬಳ, ಬಾಡಿಗೆ, ಬಡ್ಡಿಯ ಲೆಕ್ಕ, ಮನೆಗೆ ಬಂದರೆ ಇನ್ನೂ ಬಿಚ್ಚದ ಪೆಟ್ಟಿಗೆಗಳು. ಆಗ ಮನೆಯಲ್ಲಿ ಕೂತು ಒಂದು ಕಟ್ಟುಪಾಡು ಮಾಡಿಕೊಂಡೆವು: ವಾರಕ್ಕೆ ಒಂದೇ ಕಾಗದದ ಕೆಲಸ, ಒಂದೇ ಪೆಟ್ಟಿಗೆ. ಪಾತ್ರೆ, ಬಟ್ಟೆ, ಹಾಸಿಗೆ ಬಿಟ್ಟರೆ ಉಳಿದದ್ದಕ್ಕೆ ಅವಸರವಿಲ್ಲ. ಕರಡು ತಿದ್ದುವುದನ್ನು ಮೆಟ್ರೊಗೆ ಒಯ್ದೆ. ಕೆಂಗೇರಿ ಬಸ್ ನಿಲ್ದಾಣದಲ್ಲಿ ಹತ್ತಿದರೆ ಬೆಳಿಗ್ಗೆ ಬೇಗ ಸೀಟು ಸಿಗುತ್ತದೆ. ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ತೆರೆದು, ಜ್ಞಾನಭಾರತಿ, ಮೈಸೂರು ರಸ್ತೆ, ವಿಜಯನಗರ ದಾಟಿ, ಮಾಗಡಿ ರಸ್ತೆಯ ನಂತರ ರೈಲು ನೆಲದಡಿಗೆ ಇಳಿಯುವಷ್ಟರಲ್ಲಿ ಒಂದು ಪುಟ ಮುಗಿಯುತ್ತಿತ್ತು. ಮುಂಚೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗುತ್ತಿದ್ದವಳಿಗೆ ಆ ಸೀಟು, ಆ ಬೆಳಕು, ಆ ಒಂದು ಪುಟ ದೊಡ್ಡ ಸುಖವೇ ಸರಿ. ಕಚೇರಿಗೆ ಕಾಲಿಡುವ ಮುಂಚೆಯೇ ನನಗೆ ಬೇಕಾದ ಒಂದು ಕೆಲಸ ಆಗಿರುತ್ತಿತ್ತು, ಆಮೇಲೆ ಎಷ್ಟು ಕಡತ ಬಂದರೂ ಭಾರ ಎನಿಸುತ್ತಿರಲಿಲ್ಲ.

ಆಧಾರ್ ವಿಳಾಸವನ್ನು ಸೆಪ್ಟೆಂಬರ್ ಕೊನೆಯಲ್ಲಿ ಆನ್‌ಲೈನ್‌ನಲ್ಲೇ ಬದಲಿಸಿದೆವು. ಆಗ 50 ರೂಪಾಯಿ ಇತ್ತು, ಅಕ್ಟೋಬರ್ 1ರಿಂದ 75 ಆಗಿದೆ. ಅದು ಆದ ಮೇಲೆ ಬ್ಯಾಂಕು, ಚಾಲನಾ ಪರವಾನಗಿ, ವಿಮೆ ಎಲ್ಲದಕ್ಕೂ ಅದೇ ಸಾಕಾಯಿತು. ಅಡುಗೆ ಅನಿಲ ಒಂದೇ ಊರಿನೊಳಗೆ ಬದಲಾಗುವುದಾದರೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಬೇಕಿಲ್ಲ. ಹಳೆಯ ವಿತರಕರು ಕೊಡುವ ವರ್ಗಾವಣೆ ಸಂದೇಶವನ್ನು ಹೊಸಬರಿಗೆ ತೋರಿಸಿದರೆ ಆಯಿತು, ಅದಕ್ಕೆ ಮೂರು ತಿಂಗಳ ಅವಧಿ ಇರುತ್ತದೆ. ಮತದಾರರ ಪಟ್ಟಿಗೆ ನಮೂನೆ 8. ಹೊಸದಾಗಿ ಸೇರಿಸುವ ನಮೂನೆ 6 ತುಂಬಿದರೆ ಎರಡು ಕಡೆ ಹೆಸರಾಗಿ ತೊಡಕಾಗುತ್ತದೆ.

ದಸರೆಗೆ ಅತ್ತೆ ಹೊಸ ಕಪಾಟಿನ ಕೆಳಗಿನ ಮೂರು ಹಲಗೆಗಳನ್ನು ಖಾಲಿ ಮಾಡಿಸಿ ಗೊಂಬೆ ಕೂರಿಸಿದರು. ಪಟ್ಟದ ಗೊಂಬೆಗಳ ಹಿಂದೆ ನಿಘಂಟುಗಳ ಸಾಲು ಕಾಣುತ್ತಿತ್ತು. ಕೆಳಮನೆಯ ಮಕ್ಕಳು ಚರ್ಪು ತಿನ್ನಲು ಬಂದರು, ಅವರ ಹಿಂದೆ ತಾಯಂದಿರು. ಹಾಗೆ ಒಂಬತ್ತು ಸಂಜೆಗಳಲ್ಲಿ ಇಡೀ ಕಟ್ಟಡದ ಪರಿಚಯವಾಯಿತು. ಕಾವೇರಿ ನೀರು ಯಾವ ದಿನ ಬರುತ್ತದೆ, ಹಸಿ ಕಸದ ಗಾಡಿ ಎಷ್ಟು ಹೊತ್ತಿಗೆ, ಒಣ ಕಸ ಯಾವ ವಾರ, ಯಾವ ಹೂವಿನವಳು ಬಾಗಿಲಿಗೆ ತರುತ್ತಾಳೆ, ಎಲ್ಲವೂ ಗೊಂಬೆಯ ಮುಂದೆಯೇ ತಿಳಿಯಿತು. ಅಕ್ಟೋಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಬಂದ ಶಿಕ್ಷಕಿಯೊಬ್ಬರು ಹಿಂದಿನವರ ಹೆಸರು ಕೇಳಿದಾಗ ಅತ್ತೆಯೇ ಎದ್ದು ಹೋಗಿ ನಮ್ಮ ಹೆಸರಿನ ಹೊಸ ವಿದ್ಯುತ್ ಬಿಲ್ಲು ತಂದು ತೋರಿಸಿದರು. ಗಾಂಧಿ ಬಜಾರಿನ ಮಾತು ಈಗಲೂ ಬರುತ್ತದೆ, ಆದರೆ ವಾರಕ್ಕೊಮ್ಮೆ ಮೆಟ್ರೊ ಹತ್ತಿ ಅಲ್ಲಿಗೆ ಹೋಗಿ ಬರಲು ಅವರು ಕಲಿತಿದ್ದಾರೆ. ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯುತ್ತಾರೆ.

ರಾಜ್ಯೋತ್ಸವದ ವಾರ ನನ್ನ ಪುಸ್ತಕದ ಕೊನೆಯ ಪುಟ ಹಳದಿಯಾಯಿತು. ಇನ್ನು ಉಳಿದಿರುವ ಕೆಲಸಗಳು ಎರಡು. ಬರುವ ಏಪ್ರಿಲ್‌ನಲ್ಲಿ ನಮ್ಮ ಹೆಸರಿನಲ್ಲಿ ಮೊದಲ ಆಸ್ತಿ ತೆರಿಗೆ ಕಟ್ಟಬೇಕು, ರಿಯಾಯಿತಿ ಸಿಗುವ ಹಾಗೆ ತಿಂಗಳ ಮೊದಲ ವಾರದಲ್ಲೇ. ಎರಡನೆಯದು ನನ್ನ ಕೈಯಿಂದ ಆಗುವುದಿಲ್ಲ. ವಿಕಿಸೋರ್ಸ್‌ನಲ್ಲಿ ಒಬ್ಬರು ತಿದ್ದಿದ ಪುಟವನ್ನು ಇನ್ನೊಬ್ಬರು ಓದಿ ಸರಿಯೆಂದರೆ ಮಾತ್ರ ಅದು ಹಳದಿಯಿಂದ ಹಸಿರಾಗುತ್ತದೆ, ತಿದ್ದಿದವರೇ ಅದನ್ನು ಮಾಡುವಂತಿಲ್ಲ. ಕನ್ನಡ ಟೈಪು ಮಾಡಲು ಬರುವವರು, ನಿತ್ಯ ರೈಲಿನಲ್ಲಿ ಓಡಾಡುವವರು ಯಾರಾದರೂ ಒಂದು ಖಾತೆ ತೆರೆದು ದಿನಕ್ಕೊಂದು ಪುಟ ನೋಡಿದರೂ ಸಾಕು. ಹಳದಿಯಲ್ಲೇ ನಿಂತಿರುವ ಕನ್ನಡ ಪುಸ್ತಕಗಳು ಅಲ್ಲಿ ಬೇಕಾದಷ್ಟಿವೆ.